ಕಲೀಜದೊಳಗಿನ ಕೆಂಪು ಗಂಟು

(ವಿದ್ಯಾರ್ಥಿ ನಿಲಯವೊಂದರ ಭಾನುವಾರದ ಕೂಟದಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಂಡಿದ್ದೇವೆ.)



ಒಳಗೆ ಸಾರಿಗೆ ಒಗ್ಗರಣೆ ಬಿದ್ದಿದೆ, ನಿಮ್ಮ ಮೂಗು ಆ ಕಡೆ ಇದೆ ಅಂತ ನಮಗೂ ಗೊತ್ತು. ನಾವೂ ಇದೇ ಹಾಲಿನಲ್ಲಿ ಇದೇ ಚಾಪೆ ಮೇಲೆ ಕೂತು ಭಾಷಣ ಕೇಳಿದವರು. ಅದಕ್ಕೇ ಪೀಠಿಕೆ ಬೇಡ, ನೇರ ಒಂದು ಕೇಸ್ ಶೀಟಿನಿಂದ ಶುರು ಮಾಡ್ತೀವಿ.

ಕೆಲವು ವರ್ಷದ ಹಿಂದೆ ನಮ್ಮ ಜೊತೆ ಓದುತ್ತಿದ್ದ ಗೆಳೆಯನೊಬ್ಬನ ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಬಲಗಡೆ ಪಕ್ಕೆ ಕೆಳಗೆ ಭಾರ, ಸುಸ್ತು, ಊಟ ಸೇರಲ್ಲ ಅಂತ ಆಸ್ಪತ್ರೆಗೆ ಹೋದರು. ಲಿವರ್ ಊದಿದೆ ಅಂದರು. ಸೂಜಿ ಹಾಕಿ ಲಿವರಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. 'ಮ್ಯಾಲರಿ ಹಯಲಿನ್ ಇದೆ' ಅಂತ ರಿಪೋರ್ಟು ಬಂತು. ವಾರ್ಡಿನ ಡಾಕ್ಟರು ವಿಳಾಸ ನೋಡಿದರು, ಯಾವ ಕೇರಿ ಅಂತ ಕೇಳಿದರು, ಕೆಲಸ ಏನು ಅಂತ ಕೇಳಿದರು, ಶೀಟಿನ ಮೇಲೆ 'ಬಹುಕಾಲದ ಕುಡುಕ' ಅಂತ ಬರೆದರು. ಕುಡೀತೀಯಾ ಅಂತ ಕೇಳಲಿಲ್ಲ, ದಿನಕ್ಕೆ ಎಷ್ಟು ಕುಡೀತೀಯ ಅಂತ ಕೇಳಿದರು. ಇಲ್ಲ ಸ್ವಾಮಿ ಅಂದದ್ದಕ್ಕೆ, ನಿಮ್ಮೋರೆಲ್ಲ ಹಿಂಗೇ ಹೇಳೋದು ಅಂದರು.

ಆ ಮನುಷ್ಯ ಕುಡಿದವರೇ ಅಲ್ಲ. ತನ್ನ ಅಪ್ಪ ಸಾರಾಯಿಗೆ ಸತ್ತದ್ದನ್ನು ಚಿಕ್ಕ ಹುಡುಗನಾಗಿ ಕಣ್ಣಾರೆ ಕಂಡು, ಅವ್ವನ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದ್ದವರು. ಆದರೆ ಕಾಗದದ ಮೇಲೆ ಬರೆದದ್ದು ಮನೆಗೂ ಬಂತು. ಹೆಂಡತಿ, ಬಾಟ್ಲಿ ಎಲ್ಲಿ ಬಚ್ಚಿಡ್ತೀಯ ಹೇಳು ಅಂತ ಅತ್ತರು. ನಮ್ಮ ಗೆಳೆಯ ಅಪ್ಪನ ಟ್ರಂಕು ತಡಕಿದ, ಏನೂ ಸಿಗಲಿಲ್ಲ. ಸಿಗಲಿಲ್ಲ ಅನ್ನೋದಕ್ಕೂ ಸಿಟ್ಟಾಗಿ ಒಂದು ತಿಂಗಳು ಅಪ್ಪನ ಹತ್ತಿರ ಮಾತು ಬಿಟ್ಟ. ಎರಡು ವರ್ಷಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ಅಪ್ಪ ತೀರಿಕೊಂಡರು. ಆ ಒಂದು ತಿಂಗಳ ಲೆಕ್ಕ ಅವನ ಹತ್ತಿರ ಈಗಲೂ ಇದೆ.

ಆಮೇಲೆ ಆ ಕಾಗದಗಳ ಪ್ರತಿ ತೆಗೆಸಿ ನಾವು ನಾಲ್ಕು ಜನ ಕೂತು ಓದಿದೆವು. ನಮ್ಮಲ್ಲಿ ಇಬ್ಬರು ಲ್ಯಾಬ್ ಕೋರ್ಸು ಮಾಡಿದವರು. ಮೂರನೇ ಹಾಳೆಯಲ್ಲಿ ರಕ್ತದ ಸಕ್ಕರೆ 286 ಅಂತ ಇತ್ತು. ಯಾರೂ ಅದರ ಕೆಳಗೆ ಗೆರೆ ಎಳೆದಿರಲಿಲ್ಲ. ಮ್ಯಾಲರಿ ಅನ್ನೋ ಪದದ ಕೆಳಗೆ ಮಾತ್ರ ಎರಡು ಗೆರೆ, ಕೆಂಪು ಇಂಕಿನಲ್ಲಿ. ಈ ಮ್ಯಾಲರಿ ಅಂದರೆ ಏನು, ಅದು ಯಾರ ಮೇಲೆ ಯಾವ ಸಾಕ್ಷಿ ಹೇಳುತ್ತೆ ಅಂತ ಹುಡುಕಿಕೊಂಡು ಹೋದೆವು. ಆಗ ಓದಿ ತಿಳಿದದ್ದನ್ನೇ ಈವತ್ತು ನಿಮ್ಮ ಮುಂದೆ ಹೇಳ್ತಾ ಇರೋದು.

ಪಠ್ಯಪುಸ್ತಕ ಯಕೃತ್ತು ಅನ್ನುತ್ತೆ, ಮಟನ್ ಅಂಗಡಿಯವರು ಕಲೀಜ ಅಂತಾರೆ. ನಮ್ಮೊಳಗಿನದು ಸುಮಾರು ಒಂದೂವರೆ ಕಿಲೋ. ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ, ಎಲ್ಲದರ ಸಾರವೂ ಮೊದಲು ಅದರ ಬಾಗಿಲಿಗೇ ಬರಬೇಕು. ಅದರ ಒಂದೊಂದು ಜೀವಕೋಶದೊಳಗೂ ಒಂದು ಹಂದರ ಇದೆ. ಗುಡಿಸಲಿಗೆ ಗಳ ಕಟ್ಟಿದ ಹಾಗೆ. ಈ ಹಂದರ ಕೆರಟಿನ್ ಅನ್ನೋ ಪ್ರೋಟೀನಿನದು. ನಮ್ಮ ಉಗುರು, ಕೂದಲು ಆಗಿರೋದೂ ಕೆರಟಿನ್ ವಂಶದ್ದೇ. ಲಿವರಿನ ಕೋಶದಲ್ಲಿ ಅದರ ಎರಡು ಬಗೆ ಇವೆ, 8 ಮತ್ತು 18 ಅಂತ ನಂಬರು. ನಮ್ಮ ತಾತಂದಿರು ಕತ್ತಾಳೆ ನಾರು ಹೊಸೆದು ಹಗ್ಗ ಮಾಡ್ತಿದ್ದರಲ್ಲ, ಹಾಗೆ ಒಂದು ಎಳೆ 8, ಒಂದು ಎಳೆ 18, ಎರಡೂ ಸಮಸಮವಾಗಿ ಹೊಸೆದುಕೊಂಡರೆ ಹಗ್ಗ ಗಟ್ಟಿ. ಒಂದು ಎಳೆ ಹೆಚ್ಚಾಗಿ ಜೋಡಿ ಸಿಗದೆ ಉಳಿದರೆ ಗೋಜಲು.

ಕೆಟ್ಟ ಪ್ರೋಟೀನನ್ನು ಹಾಗೇ ಬಿಡೋದಿಲ್ಲ ಕೋಶ. ಅದಕ್ಕೆ ಯುಬಿಕ್ವಿಟಿನ್ ಅನ್ನೋ ಒಂದು ಸಣ್ಣ ಚೀಟಿ ಅಂಟಿಸುತ್ತೆ, ಇದನ್ನು ಪುಡಿ ಮಾಡಿ ಅಂತ. ಒಳಗೆ ಪುಡಿ ಮಾಡುವ ಒಂದು ಗಿರಣಿಯೇ ಇದೆ. ಈ ಚೀಟಿಯ ವ್ಯವಸ್ಥೆ ಕಂಡುಹಿಡಿದ ಮೂವರಿಗೆ 2004ರಲ್ಲಿ ನೊಬೆಲ್ ಬಂತು. ಲಿವರಿಗೆ ಹೊಡೆತ ಬಿದ್ದು ಬಿದ್ದು, ಕೆಟ್ಟ ಮಾಲು ಜಾಸ್ತಿಯಾಗಿ, ಗಿರಣಿ ನಿಧಾನವಾದರೆ ಏನಾಗುತ್ತೆ? ಚೀಟಿ ಅಂಟಿದ ಕೆರಟಿನ್ನು ಹಾಗೇ ಗುಡ್ಡೆ ಬೀಳುತ್ತೆ. ಪಿ-62 ಅನ್ನೋ ಇನ್ನೊಂದು ಪ್ರೋಟೀನು ಬಂದು ಅದನ್ನೆಲ್ಲ ಒಂದು ಕಡೆ ಬಾಚಿ ಗಂಟು ಕಟ್ಟುತ್ತೆ. ಹಂದರ ಕಳಚಿದ ಕೋಶ ಬಲೂನಿನ ಹಾಗೆ ಊದಿಕೊಳ್ಳುತ್ತೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಊದಿದ ಕೋಶದ ನಡುವೆ, ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ, ತಿರುಚಿದ ಹಗ್ಗದ ತುಂಡಿನ ಹಾಗೆ ನಸುಗೆಂಪು ಗಂಟು. ಮ್ಯಾಲರಿ ಅಂದರೆ ಇದೇ. ಕಾಯಿಲೆ ಅಲ್ಲ, ಹುಳ ಅಲ್ಲ, ವಿಷ ಅಲ್ಲ, ನಮ್ಮದೇ ಪ್ರೋಟೀನಿನ ಗಂಟು.

ಹೆಸರು ಬಂದದ್ದು ಫ್ರಾಂಕ್ ಮ್ಯಾಲರಿ ಅನ್ನುವವರಿಂದ. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ರೋಗಶಾಸ್ತ್ರದ ತಜ್ಞರು. 1911ರಲ್ಲಿ, ಕುಡಿದು ಲಿವರ್ ಕೆಟ್ಟವರ ಕೋಶಗಳಲ್ಲಿ ಕಂಡ ಈ ಗಂಟನ್ನು ವರ್ಣಿಸಿ ಬರೆದರು. ಅವರು ಕಂಡದ್ದು ಸುಳ್ಳಲ್ಲ. ಹೆಂಡದ ಲಿವರಿನಲ್ಲಿ ಈ ಗಂಟು ಧಾರಾಳವಾಗಿ ಸಿಗುತ್ತೆ. ಆದರೆ ಆಮೇಲಿನವರು ಇದಕ್ಕೆ 'ಆಲ್ಕೊಹಾಲಿಕ್ ಹಯಲಿನ್' ಅಂತಲೇ ಹೆಸರಿಟ್ಟರು. ಹೆಸರೇ ತೀರ್ಪಾಯಿತು. ಕುಡುಕರಲ್ಲಿ ಗಂಟು ಇರುತ್ತೆ ಅನ್ನೋದು, ಗಂಟು ಇದ್ದವನು ಕುಡುಕ ಅಂತ ತಿರುಗಿಬಿತ್ತು. ಮಳೆ ಬಂದರೆ ನೆಲ ಒದ್ದೆ ನಿಜ, ನೆಲ ಒದ್ದೆ ಇದ್ದರೆಲ್ಲ ಮಳೆಯೇ ಬಂದಿರಬೇಕಾ? ಯಾರೋ ಬಿಂದಿಗೆ ಚೆಲ್ಲಿರಬಹುದು.

ಬಿಂದಿಗೆ ಮಾತು ಬಂತು ನೋಡಿ, ಈಗ ನಮ್ಮ ದೇಶದ್ದೇ ಒಂದು ಕತೆ ಹೇಳಬೇಕು. ಇದನ್ನು ಓದುವಾಗ ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳು. ಮೊದಲು ಹೊಟ್ಟೆ ಉಬ್ಬರ, ಕಿರಿಕಿರಿ. ಲಿವರ್ ಕಲ್ಲಿನ ಹಾಗೆ ಗಟ್ಟಿ. ಆಮೇಲೆ ಕಾಮಾಲೆ, ಹೊಟ್ಟೆಯಲ್ಲಿ ನೀರು, ಕೆಲವು ತಿಂಗಳಲ್ಲಿ ಸಾವು. ಕಲ್ಕತ್ತಾದ ಸೇನ್ ಅನ್ನುವ ವೈದ್ಯರು 1887ರಲ್ಲೇ ಇದನ್ನು ಬರೆದಿಟ್ಟಿದ್ದರು. ಲೋಕದ ವೈದ್ಯಶಾಸ್ತ್ರ ಇದಕ್ಕೆ ನಮ್ಮ ದೇಶದ ಹೆಸರನ್ನೇ ಹಚ್ಚಿತು, 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಅಂತ. ಒಂದೇ ಮನೆಯಲ್ಲಿ ಎರಡು ಮೂರು ಕೂಸು ಹೋಗುತ್ತಿದ್ದವು. ಹಾಗಾಗಿ ರಕ್ತದ ದೋಷ, ವಂಶದ ದೋಷ ಅಂದರು. ದೆಹಲಿಯ ಏಮ್ಸ್ ಸಂಸ್ಥೆಯ ನಾಯಕ್, ರಾಮಲಿಂಗಸ್ವಾಮಿ ಮೊದಲಾದವರು 1969ರಲ್ಲಿ ಈ ಮಕ್ಕಳ ಲಿವರ್ ಕೋಶಗಳ ಬಗ್ಗೆ ಬರೆದರು. ಅಲ್ಲಿ ಏನಿತ್ತು? ಅದೇ ಗಂಟು. ರಾಶಿ ರಾಶಿ. ಕುಡುಕರ ಗುರುತು ಅಂತ ಪುಸ್ತಕ ಹೇಳಿದ ಅದೇ ಮ್ಯಾಲರಿ, ಹಾಲು ಬಿಟ್ಟರೆ ಬೇರೇನೂ ಕುಡಿಯದ ಕೂಸುಗಳಲ್ಲಿ.

ಆ ಲಿವರುಗಳಲ್ಲಿ ತಾಮ್ರ ವಿಪರೀತ ಇತ್ತು. ತಾಮ್ರ ಎಲ್ಲಿಂದ ಬಂತು? ಪುಣೆಯಲ್ಲಿ ಶೀಲಾ ಭಾವೆ, ಆನಂದ ಪಂಡಿತ್ ಅನ್ನುವ ಮಕ್ಕಳ ವೈದ್ಯರು ಇಂಗ್ಲೆಂಡಿನ ಟ್ಯಾನರ್ ಅವರ ಜೊತೆ ಸೇರಿ ಒಂದು ಬಹಳ ಸಾದಾ ಪ್ರಶ್ನೆ ಕೇಳಿದರು. ತಾಯಂದಿರನ್ನು ಕೂರಿಸಿಕೊಂಡು, ಮಗುವಿಗೆ ಮೇಲಿನ ಹಾಲು ಯಾವಾಗ ಶುರು ಮಾಡಿದಿರಿ, ಯಾವ ಪಾತ್ರೆಯಲ್ಲಿ ಕಾಯಿಸಿದಿರಿ, ಯಾವುದರಲ್ಲಿ ಇಟ್ಟಿರಿ? ಕಾಯಿಲೆ ಬಿದ್ದ ಮಕ್ಕಳಿಗೆ ಎಳವೆಯಲ್ಲೇ ದನದ ಹಾಲು, ಎಮ್ಮೆ ಹಾಲು ಹಿಡಿಸಿದ್ದರು. ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಅದರಲ್ಲೇ ಇಡುತ್ತಿದ್ದರು. ಹಿತ್ತಾಳೆಯಲ್ಲಿ ತಾಮ್ರ ಇದೆ, ಹಾಲಿನ ಕೇಸಿನ್ ಆ ತಾಮ್ರವನ್ನು ಹಿಡಿದುಕೊಳ್ಳುತ್ತೆ. ಹೊತ್ತು ಹೊತ್ತಿಗೂ ಸ್ವಲ್ಪ ಸ್ವಲ್ಪ ಕೂಸಿನ ಲಿವರಿಗೆ. 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ತಾಮ್ರ ಹೊರಹಾಕುವ ಪೆನಿಸಿಲಮಿನ್ ಔಷಧಿ ಕೊಟ್ಟು, ಬೇಗ ಬಂದ ಮಕ್ಕಳಲ್ಲಿ ಕೆಲವರನ್ನು ಉಳಿಸಿದರು. ಅದಕ್ಕಿಂತ ದೊಡ್ಡ ಔಷಧಿ ಅಂದರೆ ಪಾತ್ರೆ ಬದಲಾಯಿಸಿದ್ದು. ಮನೆಗಳಿಗೆ ಸ್ಟೀಲು ಬಂತು. 1990ರ ದಶಕ ಮುಗಿಯುವ ಹೊತ್ತಿಗೆ ಈ ಕಾಯಿಲೆ ಹುಡುಕಿದರೂ ಸಿಗದಷ್ಟು ಅಪರೂಪವಾಯಿತು.

ಕಲಾಯಿ ಹಾಕುವವರು ಬೀದಿ ಬೀದಿ ಕೂಗಿಕೊಂಡು ಬರುತ್ತಿದ್ದದ್ದು ನಿಮ್ಮ ಅಜ್ಜಿಯಂದಿರಿಗೆ ನೆನಪಿರುತ್ತೆ, ಕೇಳಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಹತ್ತುತ್ತೆ ಅಂತ ಅವರಿಗೆ ಗೊತ್ತಿತ್ತು. ಹಾಲಿನ ವಿಷಯ ಮಾತ್ರ ಕಣ್ಣಿಗೆ ಕಾಣಲಿಲ್ಲ. ನಮ್ಮ ಕೇರಿಯಲ್ಲಿ ಹಿತ್ತಾಳೆ ಎಲ್ಲಿತ್ತು ಬಿಡಿ, ಮಣ್ಣಿನ ಮಡಕೆ, ಆಮೇಲೆ ಸಿಲ್ವರ್ ಪಾತ್ರೆ. ಈ ಕಾಯಿಲೆ ಹೆಚ್ಚು ಕಂಡದ್ದು ಹಿತ್ತಾಳೆ ಕೊಳ್ಳುವ ಶಕ್ತಿ ಇದ್ದ ನಡುವರ್ಗದ ಮನೆಗಳಲ್ಲಿ. ಅವರ ಮಕ್ಕಳು ಸತ್ತದ್ದೂ ಸಾವೇ. ಅದನ್ನು ಹೇಳಿ ಖುಷಿ ಪಡೋಕೆ ನಾವು ಬಂದಿಲ್ಲ. ನಾವು ನೋಡಬೇಕಾದ್ದು ಬೇರೆ. ಅಲ್ಲಿ ಗಂಟು ಕಂಡಾಗ ಡಾಕ್ಟರು, ಏನು ಕುಡಿಸಿದಿರಿ, ಯಾವುದರಲ್ಲಿ ಕುಡಿಸಿದಿರಿ ಅಂತ ಮನೆಯವರನ್ನು ಕೂರಿಸಿ ಕೇಳಿದರು, ಹೇಳಿದ್ದನ್ನು ನಂಬಿದರು. ನಮ್ಮ ಗೆಳೆಯನ ಅಪ್ಪನ ಹತ್ತಿರ ಆ ಕೇಳುವ ಕೆಲಸವೇ ನಡೆಯಲಿಲ್ಲ.

ನಮ್ಮ ರಕ್ತದ ದೋಷ ಅನ್ನೋ ಮಾತಿಗೂ ಒಂದು ಉತ್ತರ ಇದೆ. ಆಸ್ಟ್ರಿಯಾ ದೇಶದ ತಿರೋಲ್ ಬೆಟ್ಟಸೀಮೆಯಲ್ಲಿ 1900ರಿಂದ 1974ರ ನಡುವೆ 138 ಎಳೆಮಕ್ಕಳು ಇಂಥದೇ ಕಾಯಿಲೆಯಲ್ಲಿ ಸತ್ತದ್ದನ್ನು 1996ರಲ್ಲಿ ಲೆಕ್ಕ ಹಾಕಿ ಬರೆದರು. ಅಲ್ಲೂ ತಾಮ್ರದ ಪಾತ್ರೆಯಲ್ಲಿ ಕಾಯಿಸಿದ ಹಸುವಿನ ಹಾಲು. ವಂಶದಲ್ಲಿ ಏನೋ ಒಂದು ಸೂಕ್ಷ್ಮವೂ ಇತ್ತು, ಆದರೆ ಪಾತ್ರೆ ಬದಲಾದ ಮೇಲೆ ಕಾಯಿಲೆ ಹೋಯಿತು. ಈಗ ಪೇಟೆಯಲ್ಲಿ ತಾಮ್ರದ ಬಾಟಲಿ ಮಾರೋದು ಫ್ಯಾಶನ್ ಆಗಿದೆ. ನೀರಿನ ಮಾತು ಬೇರೆ, ಹಾಲು ಮಜ್ಜಿಗೆ ನಿಂಬೆಹಣ್ಣಿನ ಪಾನಕ ಅದರಲ್ಲಿ ತುಂಬಬೇಡಿ.

ಈಗ ದೊಡ್ಡವರ ಕತೆಗೆ ಬರೋಣ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಅವರ ಜೊತೆಯವರು 20 ಜನ ರೋಗಿಗಳ ಬಗ್ಗೆ ಬರೆದರು. ಲಿವರಿನಲ್ಲಿ ಕೊಬ್ಬು, ಊತ, ಹೆಚ್ಚಿನವರಲ್ಲಿ ಮ್ಯಾಲರಿ ಗಂಟು, ಎಲ್ಲ ಕುಡುಕರ ಲಿವರಿನ ಹಾಗೇ. ಆದರೆ ಅವರು ಕುಡುಕರಲ್ಲ. ಹೆಂಗಸರೇ ಹೆಚ್ಚು, ಬಹಳ ಜನಕ್ಕೆ ಬೊಜ್ಜು, ಹಲವರಿಗೆ ಸಕ್ಕರೆ ಕಾಯಿಲೆ. ಅದುವರೆಗೆ ಇಂಥವರಿಗೆ ಹೆಸರೇ ಇರಲಿಲ್ಲ. ಲುಡ್ವಿಗ್ ಇಟ್ಟ ಹೆಸರು 'ನ್ಯಾಶ್', ಅಂದರೆ ಕುಡಿತದಿಂದ ಬರದ ಕೊಬ್ಬಿನ ಲಿವರ್ ಊತ. ಆ ಹೆಸರಿನಲ್ಲೂ ಕುಡಿತ ಅನ್ನೋ ಮಾತು ಅಂಟಿಕೊಂಡಿತ್ತು. ರೋಗಿಗಳಿಗೆ ಅವಮಾನ ಆಗುತ್ತೆ ಅನ್ನೋದೂ ಒಂದು ಕಾರಣವಾಗಿ 2023ರಲ್ಲಿ ಲೋಕದ ಲಿವರ್ ತಜ್ಞರೆಲ್ಲ ಸೇರಿ ಹೆಸರನ್ನೇ ಬದಲಾಯಿಸಿದರು, ಈಗ 'ಮ್ಯಾಶ್' ಅಂತಾರೆ. ಒಂದು ಪದ ಮನುಷ್ಯನಿಗೆ ಏನು ಮಾಡುತ್ತೆ ಅನ್ನೋದು ಅವರಿಗೂ ಅರ್ಥವಾಗಿದೆ. ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಈ ಕಾಯಿಲೆಗೆ ದಪ್ಪ ಇರಲೇಬೇಕು ಅಂತಿಲ್ಲ. ನಮ್ಮ ಸೀಮೆಯ ಜನಕ್ಕೆ ಮೈ ಸಣಕಲಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುತ್ತೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತೆ. ಮೂಟೆ ಹೊರುವ ಮನುಷ್ಯನ 286 ಅಲ್ಲೇ ಕಾಗದದ ಮೇಲೆ ಕೂತು ಕೂಗ್ತಾ ಇತ್ತು.

ಗಂಟು ಹೇಗೆ ಕಟ್ಟುತ್ತೆ ಅನ್ನೋದನ್ನು ತೋರಿಸಿಕೊಟ್ಟವು ಇಲಿಗಳು. ನಮ್ಮ ಹಾಸ್ಟೆಲ್ಲುಗಳಿಗೂ ಈ ಕತೆಗೂ ಒಂದು ನಂಟಿದೆ. ಒಂದೇ ಬಕೆಟ್ಟು, ಒಬ್ಬರ ಟವೆಲ್ಲು ಇನ್ನೊಬ್ಬರಿಗೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಬರದ ಹುಡುಗ ಯಾರಿದ್ದೀರಿ, ಕೈ ಎತ್ತಿ ನೋಡೋಣ. (ನಗು) ಅದಕ್ಕೆ ಗ್ರಿಸಿಯೋಫಲ್ವಿನ್ ಅಂತ ಒಂದು ಮಾತ್ರೆ ಇದೆ. ಆಸ್ಟ್ರಿಯಾದ ಹೆಲ್ಮುಟ್ ಡೆಂಕ್ ಮತ್ತು ಅವರ ಜೊತೆಯವರು 1975ರಲ್ಲಿ ಇದೇ ಔಷಧಿಯನ್ನು ಇಲಿಗಳ ಆಹಾರದಲ್ಲಿ ತಿಂಗಳುಗಟ್ಟಲೆ ಬೆರೆಸಿ ಕೊಟ್ಟರೆ ಅವುಗಳ ಲಿವರಿನಲ್ಲಿ ಮ್ಯಾಲರಿ ಗಂಟು ಕಟ್ಟುತ್ತೆ ಅಂತ ತೋರಿಸಿದರು. ಹೆದರಬೇಡಿ, ಆ ಇಲಿಗಳಿಗೆ ಕೊಟ್ಟದ್ದು ಮೈತೂಕಕ್ಕೆ ಹೋಲಿಸಿದರೆ ನಮ್ಮ ಚಿಕಿತ್ಸೆಯ ಪ್ರಮಾಣಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಂತ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ನುಂಗಲೂ ಬೇಡಿ. ಡೆಂಕ್ ಅವರ ಕೆಲಸ ದೊಡ್ಡದು ಅಂತ 2007ರಿಂದ ಈ ಗಂಟನ್ನು ಮ್ಯಾಲರಿ-ಡೆಂಕ್ ಕಾಯ ಅಂತ ಕರೀತಾರೆ.

ಔಷಧಿ ನಿಲ್ಲಿಸಿದರೆ ಇಲಿಯ ಗಂಟು ನಿಧಾನವಾಗಿ ಕರಗುತ್ತೆ. ಲಿವರು ಮೊದಲಿನ ಹಾಗೇ ಆಗುತ್ತೆ. ಆದರೆ ಮತ್ತೆ ಕೊಟ್ಟರೆ? ಮೊದಲ ಸಲಕ್ಕೆ ತಿಂಗಳುಗಳು ಬೇಕಾಗಿದ್ದವು, ಈ ಸಲ ಎರಡು ಮೂರು ದಿನ ಸಾಕು. ಲಿವರಿಗೆ ನೆನಪಿರುತ್ತೆ ಗೆಳೆಯರೆ. ಒಂದು ವರ್ಷ ಬಿಟ್ಟು, ಊರ ಹಬ್ಬಕ್ಕೆ ಒಂದೇ ದಿನ ಅಂತ ಕೂರುವವರ ಕಿವಿಗೆ ಈ ಇಲಿಯ ಕತೆ ಹಾಕಿ.

ಇನ್ನೊಂದು ಪ್ರಯೋಗ ನಮಗೆ ಬಹಳ ಹಿಡಿಸಿತು. ಕೆರಟಿನ್ 8 ಇಲ್ಲದ ಹಾಗೆ ಹುಟ್ಟಿಸಿದ ಇಲಿಗಳಿಗೆ ಅದೇ ಔಷಧಿ ಕೊಟ್ಟರು. ಗಂಟು ಕಟ್ಟಲೇ ಇಲ್ಲ. ಆದರೆ ಅವು ಇನ್ನೂ ಹೆಚ್ಚು ನರಳಿದವು. ಅಂದಮೇಲೆ ಗಂಟೇ ಅಪರಾಧಿ ಅಲ್ಲ. ಕೆಟ್ಟದ್ದನ್ನು ಮೂಲೆಗೆ ಒತ್ತಿ ಕೋಶ ತನ್ನನ್ನು ಕಾಪಾಡಿಕೊಳ್ಳುವ ಪ್ರಯತ್ನವೇ ಅದು ಅನ್ನುವ ವಿಜ್ಞಾನಿಗಳೂ ಇದ್ದಾರೆ. ಒಪ್ಪದವರೂ ಇದ್ದಾರೆ, ಜಗಳ ನಡೀತಾ ಇದೆ. ಲಿವರ್ ಕ್ಯಾನ್ಸರಿನ ಕೋಶಗಳಲ್ಲೂ ಈ ಗಂಟು ಕಾಣುತ್ತೆ, ಹಾಗಾಗಿ ಇದನ್ನು ಹಗುರ ಮಾಡಿ ಮಾತಾಡೋ ಹಾಗೂ ಇಲ್ಲ.

ಇಷ್ಟು ಹೇಳಿದ ಮೇಲೆ ಒಂದು ಅಪಾಯ ಇದೆ. ಹಂಗಾದ್ರೆ ಹೆಂಡದ ತಪ್ಪೇನಿಲ್ಲ ಅಂತ ಯಾರಾದರೂ ಇಲ್ಲಿಂದ ಎದ್ದು ಹೋದರೆ ನಮ್ಮ ಮಾತು ನೀರಿನಲ್ಲಿ ಹೋಮ ಆದ ಹಾಗೆ. ಆ ಗೆಳೆಯನ ತಾತ ಸತ್ತದ್ದು ಸಾರಾಯಿಯಿಂದಲೇ. ಹೆಂಡ ಲಿವರಿನಲ್ಲಿ ಒಡೆದು ಅಸಿಟಾಲ್ಡಿಹೈಡ್ ಆಗುತ್ತೆ, ಅದು ಪ್ರೋಟೀನುಗಳಿಗೆ ಅಂಟಿಕೊಂಡು ಕೆಡಿಸುತ್ತೆ. ಪುಡಿ ಮಾಡುವ ಗಿರಣಿಯೂ ಹೆಂಡದಿಂದ ಮಂದವಾಗುತ್ತೆ. ಹೆಂಗಸರಿಗೆ ಕಡಿಮೆ ಕುಡಿತದಲ್ಲೇ ಬೇಗ ಹಾನಿ. ನಮ್ಮ ರಾಜ್ಯದಲ್ಲಿ ಪ್ಯಾಕೆಟ್ ಸಾರಾಯಿ 2007ರ ಜುಲೈ 1ರಂದು ನಿಂತಿತು. ಅಲ್ಲಿಯವರೆಗೆ ಕೂಲಿಯ ಎಷ್ಟು ಪಾಲು ಸಾರಾಯಿ ಅಂಗಡಿಯ ಹಲಗೆ ಮೇಲೆ ಬಿತ್ತು, ಎಷ್ಟು ಮನೆಯ ದೀಪ ಆರಿತು, ನಿಮ್ಮ ನಿಮ್ಮ ಅವ್ವಂದಿರನ್ನೇ ಕೇಳಿ. ಸಾರಾಯಿ ಹೋಗಿ ಅಗ್ಗದ ವಿಸ್ಕಿ ಬಂತು, ಲಿವರಿಗೆ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ. ಕುಡಿಯುವವನಿಗೂ ಬೈಗುಳ ಅಲ್ಲ, ಚಿಕಿತ್ಸೆ ಬೇಕು. ಕುಡಿಯದವನಿಗೆ ಅವನ ಮಾತನ್ನು ನಂಬುವವರು ಬೇಕು.

ಲಿವರ್ ಕೋಶದಲ್ಲಿ ಗುಡ್ಡೆ ಬೀಳುವ ಪ್ರೋಟೀನು ಇದೊಂದೇ ಅಲ್ಲ. ಆಲ್ಫಾ-1 ಆಂಟಿಟ್ರಿಪ್ಸಿನ್ ಅಂತ ಒಂದಿದೆ, ಹುಟ್ಟಿನಿಂದ ಬರುವ ಒಂದು ಅಕ್ಷರದ ತಪ್ಪಿನಿಂದ ಮಡಿಕೆ ಕೆಟ್ಟು ಗೋಲಿಯ ಹಾಗೆ ಕೋಶದಲ್ಲೇ ಸಿಕ್ಕಿಬೀಳುತ್ತೆ. ಅದು ಯುರೋಪಿನವರಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ, ಬಿಡಿ. ನೀವು ತಿಳಿಯಲೇಬೇಕಾದ್ದು ಹೆಪಟೈಟಿಸ್-ಬಿ. ಆ ವೈರಸ್ಸು ಲಿವರ್ ಕೋಶದೊಳಗೆ ಕೂತು ತನ್ನ ಮೇಲುಹೊದಿಕೆಯ ಪ್ರೋಟೀನನ್ನು ಎಷ್ಟು ಮಾಡಿಸುತ್ತೆ ಅಂದರೆ, ಕೋಶ ಅದರಿಂದ ತುಂಬಿ ಉಜ್ಜಿದ ಗಾಜಿನ ಹಾಗೆ ಮಂಜು ಮಂಜಾಗಿ ಕಾಣುತ್ತೆ. ರಕ್ತಪರೀಕ್ಷೆಯಲ್ಲಿ ಹುಡುಕುವುದೂ ಅದೇ ಪ್ರೋಟೀನನ್ನು. ಇದು ಹರಡೋದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಕೂಸಿಗೆ. ಒಂದೇ ಬ್ಲೇಡಿನಲ್ಲಿ ಮೂರು ಜನ ಗಡ್ಡ ಹೆರೆಯುವ ಹಾಸ್ಟೆಲ್ಲಿನ ಚಾಳಿಯಿಂದಲೂ ಬರಬಹುದು, ಜಾತ್ರೆಯ ಹಚ್ಚೆ ಸೂಜಿಯಿಂದಲೂ ಬರಬಹುದು. ಒಟ್ಟಿಗೆ ಒಂದೇ ತಟ್ಟೆಯಲ್ಲಿ ಉಂಡರೆ ಬರೋದಿಲ್ಲ, ಮುಟ್ಟಿದರೆ ಬರೋದಿಲ್ಲ. ಇದನ್ನು ಒತ್ತಿ ಹೇಳ್ತಾ ಇದ್ದೀವಿ, ಯಾಕೆ ಅಂತ ನಿಮಗೆ ಗೊತ್ತು. ಇದಕ್ಕೆ ಲಸಿಕೆ ಇದೆ, ಮೂರು ಸೂಜಿ, ಆರು ತಿಂಗಳಲ್ಲಿ ಮುಗಿಯುತ್ತೆ. ಇಡೀ ದೇಶದ ಮಕ್ಕಳ ಲಸಿಕೆ ಪಟ್ಟಿಗೆ ಅದು ಸೇರಿದ್ದು 2011ರ ಹೊತ್ತಿಗೆ. ನಿಮ್ಮಲ್ಲಿ ಬಹಳ ಜನ ಅದಕ್ಕೆ ಮುಂಚೆ ಹುಟ್ಟಿದವರು. ಊರಿಗೆ ಹೋದಾಗ ತಾಯಿ ಕಾರ್ಡು ಹುಡುಕಿ, ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಿ. ಕಣ್ಣು ಹಳದಿಯಾದರೆ ಬರೆ ಹಾಕಿಸಲು ಕರೆದುಕೊಂಡು ಹೋಗುವವರ ಮಾತು ಕೇಳಬೇಡಿ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗೇ ವಾಸಿಯಾಗುತ್ತೆ, ಹೆಸರು ಮಾತ್ರ ಬರೆಗೆ ಬರುತ್ತೆ.

ನಾಳೆ ನಿಮ್ಮ ಅಪ್ಪನ ಜೊತೆ, ಅವ್ವನ ಜೊತೆ ವಾರ್ಡಿನಲ್ಲಿ ನಿಲ್ಲುವವರು ನೀವೇ. ಇಂಗ್ಲಿಷ್ ಓದಲು ಬರೋದು ಆ ಮನೆಯಲ್ಲಿ ನಿಮಗೊಬ್ಬರಿಗೇ. ಶೀಟಿನಲ್ಲಿ ಏನು ಬರೆದಿದೆ ಅಂತ ಓದಿ. ಸಕ್ಕರೆ ನೋಡಿದಿರಾ, ಹೆಪಟೈಟಿಸ್ ಬಿ, ಸಿ ನೋಡಿದಿರಾ, ಎಳೆವಯಸ್ಸಿನವರಾದರೆ ತಾಮ್ರ ನೋಡಿದಿರಾ ಅಂತ ಕೇಳಿ. ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ. ಎಸ್‌ಜಿಓಟಿ, ಎಸ್‌ಜಿಪಿಟಿ ಅಂತ ಎರಡು ಅಂಕಿ ಇರುತ್ತವೆ. ಕುಡಿತದ ಲಿವರಿನಲ್ಲಿ ಮೊದಲನೆಯದು ಎರಡನೆಯದರ ಎರಡರಷ್ಟೋ ಹೆಚ್ಚೋ ಇರೋದು ಸಾಮಾನ್ಯ. ಕೊಬ್ಬಿನ ಲಿವರಿನಲ್ಲಿ ಶುರುವಿನಲ್ಲಿ ಎರಡನೆಯದೇ ಮುಂದು. ಅದೂ ಪೂರ್ತಿ ಸಾಕ್ಷಿ ಅಲ್ಲ, ಲಿವರ್ ಗಟ್ಟಿಯಾದ ಮೇಲೆ ಲೆಕ್ಕ ತಿರುಗುತ್ತೆ. ಗಾಜಿನ ಮೇಲಿನ ಒಂದು ಗಂಟು ನೋಡಿ ಇದು ಹೆಂಡ, ಇದು ಸಕ್ಕರೆ ಅಂತ ಖಂಡಿತ ಹೇಳಲು ಪಳಗಿದ ಪೆಥಾಲಜಿಸ್ಟಿಗೂ ಆಗೋದಿಲ್ಲ. ಮನುಷ್ಯನನ್ನು ಕೇಳಲೇಬೇಕು.

ನಮ್ಮ ಗೆಳೆಯ ಈಗ ಬೇರೆ ಊರಲ್ಲಿ ಮೇಷ್ಟ್ರು. ಅಪ್ಪನ ಶೀಟಿನ ಆ ಪ್ರತಿ ಅವನ ಟ್ರಂಕಿನಲ್ಲಿದೆ, ಅದೇ ಹಳೇ ಟ್ರಂಕು. ಹೋದ ವರ್ಷ ತಮ್ಮನಿಗೆ, ತನಗೆ, ಅವ್ವನಿಗೆ ಸಕ್ಕರೆ ಪರೀಕ್ಷೆ ಮಾಡಿಸಿದ. ಅವ್ವನಿಗೆ ಇದೆ ಅಂತ ಬಂತು. ಮಾತ್ರೆ ಶುರುವಾಗಿದೆ. ಮೂರನೇ ಹಾಳೆಯ 286ರ ಕೆಳಗೆ ಅವನೇ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದಾನೆ.

ಊಟದ ಗಂಟೆ ಹೊಡೀತು. ಕೇಳೋದಿದ್ದವರು ತಟ್ಟೆ ಹಿಡ್ಕೊಂಡು ಇಲ್ಲೇ ಬನ್ನಿ, ಉಣ್ಣುತ್ತಾ ಮಾತಾಡೋಣ.